ಯುದ್ಧಕ್ಕೆ ಹೋಗಿ ವಾಪಸ್ ಬರದೇ ಇದ್ದ ನಮ್ಮೋರನ್ನ ಹುಡುಕೋದು ಹೇಗೆ: ದೊಡ್ಡಣ್ಣನ ಹೆಸರು ಸಿಂಗಾಪುರದ ಕಂಬದ ಮೇಲೆ ಸಿಕ್ಕಿದ್ದು

ನಮ್ಮನೇಲಿ ಮಾರ್ನೋಮಿ ಅಮಾವಾಸ್ಯೆಗೆ ಎಡೆ ಇಡೋವಾಗ ಒಂದು ಎಲೆ ಜಾಸ್ತಿ ಹಾಕ್ತಿದ್ರು. ಅದರ ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಯಾರಿಗೆ ಅಂತ ಕೇಳಿದ್ರೆ ತಾತ "ದೊಡ್ಡಣ್ಣಂಗೆ, ಬರ್ಮಾಗೆ ಹೋದೋನು ಬರ್ಲಿಲ್ಲ" ಅಂತಿದ್ದ, ಅಷ್ಟೇ, ಅದಕ್ಕಿಂತ ಜಾಸ್ತಿ ಮಾತಾಡ್ತಿರ್ಲಿಲ್ಲ. ತಾತ ಹೋದ್ಮೇಲೆ ಎಲೆ ಹಾಕೋದು ಮಾತ್ರ ನಡ್ಕೊಂಡು ಬಂತು, ಆ ಎಲೆ ಯಾರದು, ಅವರ ಹೆಸರೇನು ಅಂತ ಯಾರಿಗೂ ಸರಿಯಾಗಿ ಗೊತ್ತಿರ್ಲಿಲ್ಲ. ಎರಡು ವರ್ಷ ಬಿಡುವಾದಾಗೆಲ್ಲ ಹುಡುಕಿ ಕೊನೆಗೆ ಸಿಕ್ತು. ನಮ್ಮ ಹಳೇ ಮೈಸೂರು ಕಡೆ, ಕೊಡಗು, ಬೆಳಗಾವಿ, ಕೋಲಾರದಲ್ಲೆಲ್ಲ ಇಂಥ ಮನೆಗಳು ಬೇಕಾದಷ್ಟಿವೆ, ಅದಕ್ಕೆ ನಾನು ತಪ್ಪು ಮಾಡಿ ಕಲ್ತಿದ್ದನ್ನ ಹಂಗಂಗೇ ಬರೀತಿದೀನಿ.

ಕಂಪ್ಯೂಟರ್ ಆಮೇಲೆ, ಮೊದ್ಲು ಮನೆ ಅಟ್ಟ

ಎಲ್ರೂ ಮಾಡೋ ತಪ್ಪು ನಾನೂ ಮಾಡ್ದೆ, ನೇರವಾಗಿ ಗೂಗಲ್ ಮುಂದೆ ಕೂತ್ಕೊಂಡೆ. ಏನಂತ ಹುಡುಕ್ತೀರಾ? ಮನೇಲಿ ಕರೆಯೋ ಹೆಸರು ಬೇರೆ, ಸೈನ್ಯದಲ್ಲಿ ಬರೆಸಿದ ಹೆಸರು ಬೇರೆ. ನಮ್ಮ ಕೇಸಲ್ಲಂತೂ "ದೊಡ್ಡಣ್ಣ" ಅನ್ನೋದು ಬಿಟ್ರೆ ಹೆಸರೇ ಇರ್ಲಿಲ್ಲ. ಊರಲ್ಲಿ ನಮ್ಮ ಅತ್ತೆ ಇದಾರೆ, ಎಂಬತ್ತು ದಾಟಿದೆ, ಅವರ ಹತ್ರ ಒಂದು ಸಂಜೆ ಕೂತು ಮೊಬೈಲ್‌ನಲ್ಲಿ ರೆಕಾರ್ಡ್ ಹಾಕ್ಕೊಂಡು ಮಾತಾಡ್ಸಿದೆ. ಅವರು ಹೇಳಿದ್ದು ಮೂರೇ ವಿಷಯ: ಮೈಸೂರು ಪಟಾಲಂಗೆ ಸೇರಿದ್ದ, ಮದುವೆ ಆಗಿರ್ಲಿಲ್ಲ, ಅವನ ದುಡ್ಡು ಸ್ವಲ್ಪ ವರ್ಷ ಮುತ್ತಜ್ಜಿಗೆ ಬರ್ತಿತ್ತು. ಈ ಮೂರನೇದನ್ನ ಲೈಟಾಗಿ ತಗೋಬೇಡಿ. ಮನೆಗೆ ದುಡ್ಡು ಬರ್ತಿತ್ತು ಅಂದ್ರೆ ಸರ್ಕಾರದ ಲೆಕ್ಕದಲ್ಲಿ ಆ ಮನುಷ್ಯ ಸತ್ತಿದಾನೆ ಅಂತ ಆಗಿದೆ, ಅಂದ್ರೆ ಎಲ್ಲೋ ಒಂದು ಕಡೆ ಕಾಗದ ಇದೆ.

ಹೆಸರು ಸಿಕ್ಕಿದ್ದು ಜಮೀನಿನ ಕಾಗದದಲ್ಲಿ. ತಾತ ಮತ್ತೆ ಅವರ ತಮ್ಮಂದಿರು ಮಾಡ್ಕೊಂಡಿದ್ದ ವಿಭಾಗ ಪತ್ರದ ಮೊದಲನೇ ಪುಟದಲ್ಲೇ, ಇಂಥವರ ಹಿರಿಯ ಮಗ ಇಂಥವನು ಲಡಾಯಿಯಲ್ಲಿ ಮೃತನಾಗಿ ಸಂತಾನ ಇಲ್ಲದ್ದರಿಂದ ಅಂತ ಒಂದೂವರೆ ಸಾಲು. ನಾವು ಆ ಕಾಗದವನ್ನ ಬ್ಯಾಂಕ್ ಸಾಲಕ್ಕೆ ಅಂತ ನಾಲ್ಕು ಸಲ ಜೆರಾಕ್ಸ್ ಮಾಡ್ಸಿದೀವಿ, ಒಬ್ರೂ ಓದಿರ್ಲಿಲ್ಲ! ಅದಕ್ಕೇ ಹೇಳೋದು, ಹಳೇ ಪಹಣಿ, ವಿಭಾಗ ಪತ್ರ, ದರಖಾಸ್ತು ಜಮೀನು ಸಿಕ್ಕಿದ್ರೆ ಅದರ ಆರ್ಡರ್, ಮನಿ ಆರ್ಡರ್ ರಸೀದಿ, ಕಟ್ಟು ಹಾಕ್ಸಿದ ಫೋಟೋ, ಅದರ ಹಿಂಭಾಗ, ಎಲ್ಲಾ ಇಳಿಸಿ ನೋಡಿ. ಯೂನಿಫಾರ್ಮ್ ಫೋಟೋ ಇದ್ರೆ ಭುಜದ ಪಟ್ಟಿ, ಟೋಪಿ ಮೇಲಿನ ಬಿಲ್ಲೆ ಝೂಮ್ ಮಾಡಿ ನೋಡಿ, ರೆಜಿಮೆಂಟ್ ಯಾವುದು ಅಂತ ಅಲ್ಲೇ ಗೊತ್ತಾಗತ್ತೆ.

ಮೊದಲನೇ ಮಹಾಯುದ್ಧದವರಾದ್ರೆ ಇನ್ನೊಂದು ವಸ್ತು ಹುಡುಕಿ. ಅಂಗೈಗಿಂತ ಸ್ವಲ್ಪ ದೊಡ್ಡದು, ಸುಮಾರು 12 ಸೆಂಟಿಮೀಟರ್ ಅಗಲದ ದುಂಡನೆ ಕಂಚಿನ ತಟ್ಟೆ, ಮೇಲೆ ಒಬ್ಬ ಹೆಂಗಸು, ಸಿಂಹ, ಪಕ್ಕದಲ್ಲಿ ಒಂದು ಚೌಕದೊಳಗೆ ಉಬ್ಬು ಅಕ್ಷರದಲ್ಲಿ ಸತ್ತವನ ಹೆಸರು. ರ‍್ಯಾಂಕ್ ಇರಲ್ಲ, ಸಾವಲ್ಲಿ ದೊಡ್ಡೋರು ಚಿಕ್ಕೋರು ಬೇಡ ಅಂತ ಬೇಕಂತಲೇ ಬಿಟ್ಟಿದ್ರು. ಇದನ್ನ ಸತ್ತ ಸಿಪಾಯಿಗಳ ಮನೆಗೆ ಕಳಿಸ್ತಿದ್ರು, ನಮ್ಮ ಕಡೆ ಅದು ಏನು ಅಂತ ತಿಳೀದೆ ಹಾಲಿನ ಪಾತ್ರೆಗೆ ಮುಚ್ಚಳ ಆಗಿರೋ ಸಾಧ್ಯತೆಯೂ ಇದೆ, ನಗಬೇಡಿ. ಆಗಿನ ಮೆಡಲ್ ಇದ್ರೆ ಮುಖ ನೋಡ್ಬೇಡಿ, ಅಂಚು ನೋಡಿ. ನಾಣ್ಯದ ಅಂಚಿನ ಥರ ಇರೋ ಆ ದಪ್ಪದಲ್ಲಿ ನಂಬರ್, ರ‍್ಯಾಂಕ್, ಹೆಸರು, ಯೂನಿಟ್ ಕೆತ್ತಿರ್ತಾರೆ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ ದಯವಿಟ್ಟು, ಆ ಅಕ್ಷರ ಮೊದಲೇ ತೆಳು. ಟಾರ್ಚ್ ಅನ್ನ ಓರೆಯಾಗಿ ಬಿಟ್ರೆ ಓದಕ್ಕಾಗತ್ತೆ. ಆ ನಂಬರ್ ಸಿಕ್ತು ಅಂದ್ರೆ ಅರ್ಧ ಕೆಲಸ ಮುಗೀತು ಅನ್ಕೊಳಿ, ಯಾಕಂದ್ರೆ ಒಂದೇ ಹೆಸರಿನ ನೂರು ಜನ ಇರ್ತಾರೆ, ಒಂದು ರೆಜಿಮೆಂಟಲ್ಲಿ ಒಂದು ನಂಬರ್ ಒಬ್ಬನದು.

ಹುಡುಕೋ ಜಾಗ

ಮುಖ್ಯ ಜಾಗ ಒಂದೇ, ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್, ಶಾರ್ಟಾಗಿ ಸಿಡಬ್ಲ್ಯೂಜಿಸಿ. 1917ರಲ್ಲಿ ಶುರುವಾದ ಸಂಸ್ಥೆ, ಆಗ ಇಂಪೀರಿಯಲ್ ಅಂತ ಹೆಸರಿತ್ತು. 150ಕ್ಕೂ ಹೆಚ್ಚು ದೇಶಗಳಲ್ಲಿ, ಎರಡೂ ಮಹಾಯುದ್ಧದಲ್ಲಿ ಸತ್ತ ಸುಮಾರು 17 ಲಕ್ಷ ಜನರ ಗೋರಿ ಅಥವಾ ಹೆಸರನ್ನ ಇವರು ನೋಡ್ಕೋತಾರೆ, ಅದರಲ್ಲಿ ಆಗಿನ ಅವಿಭಜಿತ ಭಾರತದವರೂ ಸೇರಿದಾರೆ. ವೆಬ್‌ಸೈಟಲ್ಲಿ ಹುಡುಕೋಕೆ ಒಂದು ಪೈಸೆ ಕೊಡ್ಬೇಕಿಲ್ಲ. ನನ್ನ ಹತ್ರ ಒಬ್ರು "ಹುಡುಕಿ ಕೊಡ್ತೀನಿ" ಅಂತ ಹದಿನೈದು ಸಾವಿರ ಕೇಳಿದ್ರು, ಆಮೇಲೆ ನೋಡಿದ್ರೆ ಅವರು ತೆಗೆಯೋದೂ ಇದೇ ವೆಬ್‌ಸೈಟು.

ಒಂದು ಷರತ್ತು ಇದೆ. ಮೊದಲನೇ ಯುದ್ಧಕ್ಕೆ 4 ಆಗಸ್ಟ್ 1914ರಿಂದ 31 ಆಗಸ್ಟ್ 1921, ಎರಡನೇದಕ್ಕೆ 3 ಸೆಪ್ಟೆಂಬರ್ 1939ರಿಂದ 31 ಡಿಸೆಂಬರ್ 1947, ಈ ದಿನಗಳ ಒಳಗೆ ಸತ್ತವರು ಮಾತ್ರ ಇವರ ಪಟ್ಟೀಲಿ ಬರ್ತಾರೆ. ಯುದ್ಧ ಮುಗಿದು ಎರಡು ವರ್ಷ ಆದ್ಮೇಲೆ ಆಸ್ಪತ್ರೇಲಿ ಹೋದವರೂ ಸೇರ್ತಾರೆ ಅನ್ನೋದು ಇದರಿಂದ ಗೊತ್ತಾಗತ್ತೆ. 1962, 65, 71ರವರನ್ನ ಇಲ್ಲಿ ಹುಡುಕಬೇಡಿ, ಅವರ ಹೆಸರು ದೆಹಲಿಯ ನ್ಯಾಷನಲ್ ವಾರ್ ಮೆಮೋರಿಯಲ್‌ನಲ್ಲಿ.

ಹೆಸರು ಹಾಕಿದ್ರೆ ಸಿಗಲ್ಲ, ತಾಲ್ಲೂಕು ಹಾಕಿ

ಇದು ಇಡೀ ಲೇಖನದ ಮುಖ್ಯ ವಿಷಯ, ಬೇರೇದೆಲ್ಲ ಮರೆತ್ರೂ ಪರವಾಗಿಲ್ಲ.

ನಮ್ಮ ಹೆಸರುಗಳನ್ನ ಭರ್ತಿ ಮಾಡ್ಕೊಳ್ಳೋ ಟೈಮಲ್ಲಿ ಬರೆದೋರು ನಮ್ಮೋರಲ್ಲ, ಕಿವಿಗೆ ಬಿದ್ದ ಹಾಗೆ ಇಂಗ್ಲಿಷಲ್ಲಿ ಬರ್ಕೊಂಡ್ರು. ಮುನಿಸ್ವಾಮಿ ಮುನುಸಾಮಿ ಆಗಿದಾನೆ, ಕೃಷ್ಣಪ್ಪನಿಗೆ ಕೆ ಆದ್ಮೇಲೆ ಆರ್ ಐ ಎಸ್ ಟಿ ಎನ್ ಅಂತ ಬಂದು ಕ್ರಿಸ್ಟ್ನಪ್ಪ ಆಗಿದಾನೆ, ವೆಂಕಟಪ್ಪನ ಎರಡು ಪಿ ಹೋಗಿ ಒಂದು ಪಿ ಉಳ್ಕೊಂಡಿದೆ, ತಿಮ್ಮಯ್ಯನಿಗೆ ಒಂದು ಕಡೆ ಎಚ್ ಇದೆ ಒಂದು ಕಡೆ ಇಲ್ಲ, ಸಿದ್ದ ಅನ್ನೋದಕ್ಕೆ ಎಷ್ಟು ಡಿ ಎಷ್ಟು ಎಚ್ ಅಂತ ದೇವರಿಗೇ ಗೊತ್ತು. ಗೌಡ, ಶೆಟ್ಟಿ ಅಂತ ಮನೇಲಿ ಸೇರಿಸ್ಕೊಳ್ಳೋದು ಅಲ್ಲಿ ಇಲ್ಲದೇ ಇರಬಹುದು. ಒಂದೇ ಪದದ ಹೆಸರಾದ್ರೆ ಅದು ಸರ್‌ನೇಮ್ ಜಾಗದಲ್ಲಿರತ್ತೆ, ಫಸ್ಟ್ ನೇಮ್ ಖಾಲಿ, ಹಾಗಾಗಿ ಹೆಸರನ್ನ ಯಾವಾಗ್ಲೂ ಸರ್‌ನೇಮ್‌ನಲ್ಲೇ ಹಾಕಿ ಮೊದ್ಲು. ಮತ್ತೆ ನಾಯಕ್ ಅಂತ ಕಂಡ ತಕ್ಷಣ ನಮ್ಮ ನಾಯಕರ ಮನೆಯೋರು ಅಂತ ಖುಷಿ ಪಡಬೇಡಿ, ಅದು ಸುಮಾರು ಸಲ ರ‍್ಯಾಂಕು, ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಲ್ದಾರ್ ಅಂತ ಹೋಗತ್ತಲ್ಲ ಆ ನಾಯಕ್. ಕುದುರೆ ಪಡೇಲಿ ಸಿಪಾಯಿಗೆ ಸವಾರ ಅಂತ, ಹವಲ್ದಾರನಿಗೆ ದಫೇದಾರ ಅಂತ.

ನಾನು ಮೊದಲ ಸಲ ಹೆಸರು ಹಾಕಿದಾಗ ಪುಟಗಟ್ಟಲೆ ಬಂತು, ಅರ್ಧ ತಮಿಳುನಾಡಿನವರು, ಬಿಟ್ಟು ಎದ್ದುಬಿಟ್ಟೆ. ಒಂದು ತಿಂಗಳಾದ್ಮೇಲೆ ಗೊತ್ತಾಗಿದ್ದು, ಅಡ್ವಾನ್ಸ್ಡ್ ಸರ್ಚಲ್ಲಿ "ಅಡಿಷನಲ್ ಇನ್ಫರ್ಮೇಷನ್" ಅಂತ ಒಂದು ಖಾನೆ ಇದೆ. ಸತ್ತವನ ಅಪ್ಪನ ಹೆಸರು, ಊರು, ಜಿಲ್ಲೆ, ಮದುವೆ ಆಗಿದ್ರೆ ಹೆಂಡತಿ ಹೆಸರು ಎಲ್ಲಾ ಇರೋದು ಅದರಲ್ಲೇ. ಆ ಖಾನೇಲಿ ಬರೀ ತಾಲ್ಲೂಕಿನ ಹೆಸರು ಹಾಕಿ, ಮಿಕ್ಕಿದ್ದೆಲ್ಲ ಖಾಲಿ ಬಿಟ್ಟು, ಯಾವ ಯುದ್ಧ ಮತ್ತೆ ಇಂಡಿಯನ್ ಆರ್ಮಿ ಅನ್ನೋದನ್ನಷ್ಟೇ ಆರಿಸ್ದೆ. ಬಂದಿದ್ದು ಕೆಲವೇ ಹೆಸರು. ಒಂದೊಂದೇ ತೆಗೆದು ನೋಡ್ತಾ ಹೋದೆ, ಒಂದರಲ್ಲಿ ನಮ್ಮ ಮುತ್ತಜ್ಜನ ಹೆಸರಿತ್ತು, ಊರಿನ ಹೆಸರಲ್ಲಿ ಒಂದಕ್ಷರ ತಪ್ಪು, ಆದ್ರೆ ನಮ್ಮೂರೇ. ರಾತ್ರಿ ಹನ್ನೊಂದೂವರೆ, ಮನೇಲಿ ಎಲ್ರೂ ಮಲಗಿದ್ರು, ಯಾರನ್ನ ಎಬ್ಬಿಸಿ ಏನಂತ ಹೇಳೋದು ಅಂತ ಗೊತ್ತಾಗ್ದೆ ಹೋಗಿ ಒಂದು ಲೋಟ ನೀರು ಕುಡಿದು ಬಂದು ಮತ್ತೆ ಓದ್ದೆ.

ಹುಡುಕೋವಾಗ ಹಳೇ ಮ್ಯಾಪ್ ತಲೇಲಿ ಇಟ್ಕೊಳಿ, ಆಗ ಕರ್ನಾಟಕ ಅಂತ ಒಂದು ರಾಜ್ಯ ಇರ್ಲಿಲ್ಲ. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಬಾಂಬೆ ಪ್ರೆಸಿಡೆನ್ಸಿ. ಬಳ್ಳಾರಿ, ಮಂಗಳೂರು ಮದ್ರಾಸ್. ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್. ಕೊಡಗು ಕೂರ್ಗ್ ಅಂತ ಬೇರೇನೇ. ಮೈಸೂರು ಸಂಸ್ಥಾನದ ಒಳಗೂ ಚಿಕ್ಕಮಗಳೂರಿನ ಕಡೆಯವರಿಗೆ ಕಡೂರು ಜಿಲ್ಲೆ ಅಂತ ಇರಬಹುದು, ಚಿತ್ರದುರ್ಗ ಚಿತಲ್‌ಡ್ರೂಗ್ ಅಂತ ಇರತ್ತೆ, ಮಂಡ್ಯ 1939ಕ್ಕೆ ಮುಂಚೆ ಜಿಲ್ಲೆಯೇ ಅಲ್ಲ, ಮೈಸೂರಲ್ಲಿ ಹುಡುಕಬೇಕು. ಸ್ಪೆಲ್ಲಿಂಗೂ ಹಳೇದೇ, ಬೆಂಗಳೂರು ಅಂದ್ರೆ ಬ್ಯಾಂಗಲೋರ್, ತುಮಕೂರು ಅಂದ್ರೆ ಟುಮ್‌ಕೂರ್, ಶಿವಮೊಗ್ಗ ಅಂದ್ರೆ ಶಿಮೋಗ. ಫಲಿತಾಂಶ ಜಾಸ್ತಿ ಬಂದ್ರೆ ಅಲ್ಲೇ ಡೌನ್‌ಲೋಡ್ ಮಾಡೋ ಸೌಲಭ್ಯ ಇದೆ, ಎಕ್ಸೆಲ್‌ನಲ್ಲಿ ತೆಗೆದು ಊರಿನ ಹೆಸರಿನ ಮೂರಕ್ಷರ ಹಾಕಿ ಸೋಸಬಹುದು.

ಇನ್ನೊಂದು, ಮನೆಯವರು ಹೇಳಿದ ದೇಶವನ್ನ ನಂಬಬೇಡಿ. ನಮ್ಮ ತಾತನಿಗೆ ಪೂರ್ವದ ಕಡೆ ಇರೋದೆಲ್ಲ ಬರ್ಮಾನೇ. ದೊಡ್ಡಣ್ಣ ಇದ್ದಿದ್ದು ಮೈಸೂರು ಇನ್‌ಫೆಂಟ್ರೀಲಿ, ಅಂದ್ರೆ ಕಾಲಾಳು ಪಡೇಲಿ, ಆ ಪಟಾಲಂ ಇದ್ದಿದ್ದು ಸಿಂಗಾಪುರದಲ್ಲಿ. ಬರ್ಮಾ ಅಂತ ದೇಶದ ಖಾನೇಲಿ ಹಾಕಿ ನಾನು ಎಷ್ಟು ಸಂಜೆ ಹಾಳು ಮಾಡ್ಕೊಂಡಿದೀನಿ ಅಂತ ಲೆಕ್ಕ ಇಲ್ಲ.

ಯಾವ ಪಟಾಲಂ, ಯಾವ ದೇಶ

ಯೂನಿಟ್ ಗೊತ್ತಾದ್ರೆ ಜಾಗ ಅಂದಾಜು ಮಾಡಬಹುದು. ಮೈಸೂರು ಲ್ಯಾನ್ಸರ್ಸ್ (ಕುದುರೆ ಪಡೆ) ಅಂದ್ರೆ ಮೊದಲನೇ ಯುದ್ಧದಲ್ಲಿ ಸೂಯೆಜ್ ಕಾಲುವೆ, ಸಿನಾಯ್, ಪ್ಯಾಲೆಸ್ಟೈನ್, 23 ಸೆಪ್ಟೆಂಬರ್ 1918ರಂದು ಜೋಧಪುರದವರ ಜೊತೆ ಹೈಫಾ ಊರು ಹಿಡಿದಿದ್ದು ಎಲ್ರಿಗೂ ಗೊತ್ತಿರೋದೇ. ಅವರಲ್ಲಿ ಕೆಲವರ ಹೆಸರು ಹೈಫಾದಲ್ಲಿದ್ರೆ, ಗೋರಿ ಇಲ್ಲದವರನ್ನ ಈಜಿಪ್ಟಿನ ಹೀಲಿಯೊಪೊಲಿಸ್ ಪೋರ್ಟ್ ತೌಫಿಕ್ ಸ್ಮಾರಕದಲ್ಲಿ ಹುಡುಕಬೇಕು. ಆ ಸ್ಮಾರಕ ಮೊದ್ಲು ಸೂಯೆಜ್ ಹತ್ರ ಇತ್ತು, ಆಮೇಲಿನ ಇಸ್ರೇಲ್ ಈಜಿಪ್ಟ್ ಜಗಳದಲ್ಲಿ ಒಡೆದುಹೋಯ್ತು, ಹೆಸರುಗಳನ್ನ ಕೈರೋಗೆ ತಂದು ಮತ್ತೆ ಕೆತ್ತಿಸಿದ್ರು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್, ಅಂದ್ರೆ ಈಗ ಹಲಸೂರು ಕೆರೆ ಪಕ್ಕದ ಎಂಇಜಿ, ಸೈನ್ಯದ ಎಂಜಿನಿಯರ್ ಪಡೆ, ಇವರು ಮೆಸೊಪೊಟೇಮಿಯಾ (ಈಗಿನ ಇರಾಕ್), ಪೂರ್ವ ಆಫ್ರಿಕಾ, ಎರಡನೇ ಯುದ್ಧದಲ್ಲಿ ಬರ್ಮಾ, ಮಲಯ, ಇಟಲಿ ಅಂತ ಎಲ್ಲಾ ಕಡೆ. ಬ್ರಿಗೇಡ್ ರೋಡಲ್ಲಿ ಶಾಪಿಂಗ್ ಮಾಡ್ತಾ ದಿನಾ ನೋಡೋ ಆ ಕಂಬ ಇದ್ಯಲ್ಲ, ಅದು ಮದ್ರಾಸ್ ಪಯೋನಿಯರ್ಸ್‌ನಲ್ಲಿ ಸತ್ತವರ ನೆನಪಿಂದು. ಬೆಳಗಾವಿ ಕಡೆಯವರು ಮರಾಠಾ ರೆಜಿಮೆಂಟ್ ಆದ್ರೆ ಎರಿಟ್ರಿಯಾದ ಕೆರೆನ್, ಇಟಲಿಯ ಸಾಂಗ್ರೊ ನದಿ ಕಡೆ ನೋಡಿ. ಅಡುಗೆಯೋರು, ಡ್ರೈವರ್‌ಗಳು, ಕುದುರೆ ನೋಡ್ಕೊಳ್ಳೋ ಸೈಸ್‌ಗಳು, ನೀರು ಹೊರೋರು, ಇವರಿಗೂ ದಾಖಲೆ ಇದೆ, ಬಂದೂಕು ಹಿಡಿದೋರು ಮಾತ್ರ ಅಲ್ಲ. ಮೈಸೂರಿನ ಪಡೆಗಳನ್ನ ಎರಡನೇ ಯುದ್ಧಕ್ಕೆ ಇಂಡಿಯನ್ ಸ್ಟೇಟ್ ಫೋರ್ಸಸ್ ಅಂತ, ಮೊದಲನೇದಕ್ಕೆ ಇಂಪೀರಿಯಲ್ ಸರ್ವಿಸ್ ಅಂತ ಕರೀತಿದ್ರು, ಆ ಪದ ಹಾಕಿನೂ ಒಂದು ಸಲ ನೋಡಿ.

ಗೋರಿ ಇಲ್ಲ ಅಂದ್ರೆ ಗಾಬರಿ ಆಗ್ಬೇಡಿ

ಹೆಸರು ಸಿಕ್ಕಿದ ಪುಟದಲ್ಲಿ ಪ್ಲಾಟ್, ರೋ, ಗ್ರೇವ್ ನಂಬರ್ ಇದ್ರೆ ಆ ಜಾಗದಲ್ಲಿ ಕಲ್ಲು ಇದೆ ಅಂತ ಅರ್ಥ. ಕಾಲಂ, ಪ್ಯಾನೆಲ್, ಫೇಸ್ ಅಂತ ಇದ್ರೆ ಗೋರಿ ಇಲ್ಲ, ಗೋಡೆ ಅಥವಾ ಕಂಬದ ಮೇಲೆ ಹೆಸರು ಮಾತ್ರ. ನಮ್ಮೋರಲ್ಲಿ ಎರಡನೇದೇ ಜಾಸ್ತಿ, ಅದಕ್ಕೆ ಎರಡು ಕಾರಣ. ಒಂದು, ದೇಹ ಸಿಗದೇ ಇದ್ದಿದ್ದು. ಇನ್ನೊಂದು, ಹಿಂದೂಗಳನ್ನ, ಸಿಖ್ಖರನ್ನ ಸುಡ್ತಿದ್ರು, ಸುಟ್ಟವರ ಹೆಸರಿಗೆ ಕ್ರಿಮೇಷನ್ ಮೆಮೋರಿಯಲ್ ಅಂತ ಬೇರೆ ಇರತ್ತೆ, ಸಿಂಗಾಪುರದ ಕ್ರಾಂಜಿಯಲ್ಲಿ, ಬರ್ಮಾದ ತೌಕ್ಯಾನ್‌ನಲ್ಲಿ, ಇಂಫಾಲದಲ್ಲಿ, ಇಟಲಿಯ ಸಾಂಗ್ರೊದಲ್ಲಿ ಎಲ್ಲಾ ಇವೆ. ತೌಕ್ಯಾನ್‌ನ ರಂಗೂನ್ ಸ್ಮಾರಕದಲ್ಲಿ ಸುಮಾರು 27,000 ಹೆಸರು, ಕ್ರಾಂಜಿಯ ಸಿಂಗಾಪುರ ಸ್ಮಾರಕದಲ್ಲಿ 24,000ಕ್ಕೂ ಜಾಸ್ತಿ. ಕೆಲವರದ್ದು ದೆಹಲಿ ಅಂತಲೂ ಬರತ್ತೆ.

ಪುಟದ ಕೆಳಗೆ ಸ್ಕ್ಯಾನ್ ಮಾಡಿದ ಹಳೇ ಟೈಪ್ ಕಾಗದಗಳಿದ್ರೆ ಬಿಡದೆ ತೆಗೆದು ನೋಡಿ. ಕಾನ್ಸಂಟ್ರೇಷನ್ ರಿಪೋರ್ಟ್ ಅಂತ ಇದ್ರೆ, ಹೆದರಬೇಡಿ, ಅದು ಬೇರೆ ಕಡೆ ಹೂತಿದ್ದನ್ನ ತೆಗೆದು ಒಂದೇ ಸ್ಮಶಾನಕ್ಕೆ ತಂದ ವಿವರ, ಮೊದ್ಲು ಎಲ್ಲಿದ್ರು ಅಂತ ಅದರಲ್ಲಿರತ್ತೆ. ತಾರೀಖಿನ ಬಗ್ಗೆನೂ ಒಂದು ಎಚ್ಚರ. ಸಿಂಗಾಪುರದವರಲ್ಲಿ ತುಂಬ ಜನಕ್ಕೆ 15 ಫೆಬ್ರವರಿ 1942 ಅಂತ ಕಾಣತ್ತೆ, ಅದು ಬ್ರಿಟಿಷರು ಜಪಾನಿಗೆ ಶರಣಾದ ದಿನ, ಆಮೇಲೆ ಏನಾದ್ರು ಅಂತ ಲೆಕ್ಕ ಸಿಗದವರಿಗೂ ಆ ದಿನ ಬಿದ್ದಿರಬಹುದು. ಸಿಂಗಾಪುರದಲ್ಲಿ ಸೆರೆಯಾದ ಭಾರತೀಯರಲ್ಲಿ ಕೆಲವರನ್ನ ಜಪಾನಿನವರು ನ್ಯೂಗಿನಿವರೆಗೂ ಸಾಗಿಸಿದ್ರು, ಹಾಗಾಗಿ ಮೈಸೂರು ಕಡೆಯ ಹೆಸರು ಅಲ್ಲಿನ ರಬೌಲ್‌ನಲ್ಲಿ ಕಂಡ್ರೆ ತಪ್ಪು ಎಂಟ್ರಿ ಅಂತ ಮುಚ್ಚಿಬಿಡಬೇಡಿ.

ಹೆಸರೇ ಸಿಗ್ಲಿಲ್ಲ ಅಂದ್ರೆ? ಆಗೋ ಸಾಧ್ಯತೆ ಇದೆ, ಮೊದಲನೇ ಯುದ್ಧದವರಿಗೆ ಇನ್ನೂ ಜಾಸ್ತಿ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರಿಗೆಲ್ಲ ಹೆಸರು, ಭಾರತೀಯ ಸಿಪಾಯಿಗಳಿಗೆ ಇಂಥ ರೆಜಿಮೆಂಟಿನ ಇಷ್ಟು ಜನ ಅಂತ ಬರೀ ಲೆಕ್ಕ. ಓದ್ದಾಗ ಹೊಟ್ಟೆ ಉರೀತು. 2021ರಲ್ಲಿ ಕಮಿಷನ್‌ನವರೇ ಒಂದು ವರದಿ ಹೊರಡಿಸಿ ಒಪ್ಕೊಂಡ್ರು, ಮೊದಲನೇ ಯುದ್ಧದಲ್ಲಿ ಭಾರತ, ಆಫ್ರಿಕಾ, ಈಜಿಪ್ಟ್ ಕಡೆಯ 45,000ದಿಂದ 54,000 ಜನರನ್ನ ಬೇರೆಯವರ ಸಮ ನೋಡಿಲ್ಲ, ಅದಲ್ಲದೆ ಕಡಿಮೆ ಅಂದ್ರೂ 1,16,000 ಜನಕ್ಕೆ ಹೆಸರೇ ಇಲ್ಲ ಅಥವಾ ನೆನಪೇ ಇಲ್ಲ ಅಂತ. ಕ್ಷಮೆನೂ ಕೇಳಿದ್ರು. ಅದರಿಂದ ನಮಗೆ ಆಗೋ ಉಪಯೋಗ ಏನಂದ್ರೆ, ಬಿಟ್ಟುಹೋದ ಹೆಸರು ಸೇರಿಸೋಕೆ ಅರ್ಜಿ ಹಾಕಬಹುದು. ಸೈನ್ಯದಲ್ಲಿದ್ದಿದ್ದಕ್ಕೆ ಒಂದು ಪುರಾವೆ, ಸತ್ತ ತಾರೀಖಿಗೆ ಒಂದು ಪುರಾವೆ, ಆಗಿನ ಕಾಲದ ಕಾಗದ ಆಗಿರಬೇಕು, ಮನೆಯವರ ಮಾತು ಒಂದೇ ಸಾಲಲ್ಲ.

ಪುರಾವೆ ಎಲ್ಲಿ ಸಿಗತ್ತೆ

ಸಿಪಾಯಿಗಳ ಸರ್ವಿಸ್ ಕಾಗದ ಲಂಡನ್ನಿಗೆ ಹೋಗಿಲ್ಲ, ಇಲ್ಲೇ ಉಳೀತು, ರೆಜಿಮೆಂಟಿನ ರೆಕಾರ್ಡ್ ಆಫೀಸಲ್ಲಿ. ಅಲ್ಲಿ ಕೇಳೋವಾಗ ಶೀಟ್ ರೋಲ್ ಅಥವಾ ಲಾಂಗ್ ರೋಲ್ ಅಂತ ಆ ಪದ ಬಳಸಿಯೇ ಕೇಳಿ. ಶೀಟ್ ರೋಲ್ ಅಂದ್ರೆ ಆ ವ್ಯಕ್ತಿಯ ಪೂರ್ತಿ ಜಾತಕ, ಹಳೇವು ನಾಶ ಆಗಿರೋದೇ ಜಾಸ್ತಿ. ಲಾಂಗ್ ರೋಲ್ ಅನ್ನೋದು ಉದ್ದನೆ ರಿಜಿಸ್ಟರ್, ಒಬ್ಬೊಬ್ಬರಿಗೆ ಒಂದೊಂದು ಸಾಲು, ಇದು ಉಳಿದಿರೋ ಚಾನ್ಸ್ ಇದೆ. ಎಂಇಜಿ ಬೆಂಗಳೂರಲ್ಲೇ, ಮರಾಠಾ ಬೆಳಗಾವಿಯಲ್ಲಿ. ಮೈಸೂರು ಇನ್‌ಫೆಂಟ್ರಿ ಸ್ವಾತಂತ್ರ್ಯ ಬಂದ್ಮೇಲೆ ಮದ್ರಾಸ್ ರೆಜಿಮೆಂಟಿಗೆ ಸೇರ್ತು, ಅವರ ಸೆಂಟರ್ ಊಟಿ ಹತ್ರ ವೆಲ್ಲಿಂಗ್ಟನ್. ಮೈಸೂರು ಲ್ಯಾನ್ಸರ್ಸ್ ಜೈಪುರದ 61ನೇ ಕ್ಯಾವಲ್ರಿಯಲ್ಲಿ ಕರಗೋಯ್ತು. ನಾನು ಒಂದು ಕಚೇರಿಗೆ ನಂಬರ್ ಇಲ್ದೆ ಬರೀ ಹೆಸರು ಹಾಕಿ ಪತ್ರ ಬರೆದಿದ್ದೆ, ಎಂಟು ತಿಂಗಳಿಗೆ "ವಿವರ ಸಾಲದು" ಅಂತ ಒಂದು ಸಾಲಿನ ಉತ್ತರ ಬಂತು, ಅವರದ್ದೂ ತಪ್ಪಲ್ಲ ಬಿಡಿ. ನಂಬರ್ ಸಮೇತ, ಸಿಡಬ್ಲ್ಯೂಜಿಸಿ ಪುಟದ ಪ್ರಿಂಟ್ ಲಗತ್ತಿಸಿ, ವಂಶವೃಕ್ಷ ಜೊತೆಗಿಟ್ಟು ಬರೀರಿ. ವಂಶವೃಕ್ಷ ನಾಡಕಚೇರೀಲಿ ಮಾಡ್ಸೋದು ಹೇಗೆ ಅಂತ ನಿಮಗೆ ಹೇಳ್ಬೇಕಿಲ್ಲ.

ಸಂಸ್ಥಾನದ ಪಡೆಗಳ ಫೈಲ್‌ಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಒಂದು ಸಲ ಹೋಗಿ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ್ದು ಅಭಿಲೇಖ್ ಪಟಲ್ ಅಂತ ಪೋರ್ಟಲ್ ಇದೆ, ಮನೇಲೇ ಕೂತು ನೋಡಬಹುದು. ದೆಹಲಿಯ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್‌ನಲ್ಲಿ ಭಾರತೀಯ ಸೈನಿಕರ ಬಗ್ಗೆ ಸಂಶೋಧನೆ ಮಾಡೋರಿದಾರೆ. ಲಾಹೋರಿನಲ್ಲಿ ಸಿಕ್ಕ ಮೂರು ಲಕ್ಷ ಸಿಪಾಯಿಗಳ ರಿಜಿಸ್ಟರ್ ಅಂತ ನ್ಯೂಸಲ್ಲಿ ಓದಿರ್ತೀರಾ, ಅದು ಪಂಜಾಬಿನವರದ್ದು ಮಾತ್ರ, ಅದರ ಹಿಂದೆ ಹೋಗಿ ಟೈಮ್ ವೇಸ್ಟ್ ಮಾಡಬೇಡಿ.

ಅಲ್ಲಿಗೆ ಹೋಗೋದಾದ್ರೆ

ಹೋಗೋಕಾಗಲ್ಲ ಅಂದ್ರೆ ವಾರ್ ಗ್ರೇವ್ಸ್ ಫೋಟೋಗ್ರಾಫಿಕ್ ಪ್ರಾಜೆಕ್ಟ್ ಅಂತ ಒಂದಿದೆ, ಕಲ್ಲಿನ ಫೋಟೋ ಅವರ ಹತ್ರ ಇರತ್ತೆ, ಚಿಕ್ಕ ಮೊತ್ತ ಕೊಟ್ರೆ ಕಳಿಸ್ತಾರೆ. ಇಲ್ಲಾಂದ್ರೆ ಆ ಊರಲ್ಲಿ ಕನ್ನಡ ಸಂಘ ಇದ್ಯಾ ನೋಡಿ. ಸಿಂಗಾಪುರದಲ್ಲಿರೋ ನಮ್ಮ ಊರಿನ ಹುಡುಗನಿಗೆ ಕಾಲಂ ನಂಬರ್ ಕಳಿಸಿದ್ದೆ, ಅವನು ಭಾನುವಾರ ಮೆಟ್ರೋ ಹತ್ತಿ ಕ್ರಾಂಜಿ ಸ್ಟೇಷನ್ನಲ್ಲಿ ಇಳಿದು ನಡ್ಕೊಂಡೇ ಹೋಗಿ ವಿಡಿಯೋ ಕಾಲ್ ಮಾಡ್ದ. ಗುಡ್ಡದ ಮೇಲೆ ಸಾಲಾಗಿ ನಿಂತ ಅಗಲವಾದ ಕಂಬಗಳು, ಮೇಲೆ ವಿಮಾನದ ರೆಕ್ಕೆ ಥರ ಚಾವಣಿ, ಕಂಬದ ತುಂಬ ಇರುವೆ ಸಾಲಿನ ಹಾಗೆ ಹೆಸರು. ಹದಿನೈದು ನಿಮಿಷ ಹುಡುಕಿದ. ಗೇಟ್ ಹತ್ರ ಗೋಡೇಲಿ ಚಿಕ್ಕ ಬಾಗಿಲಿನ ಪೆಟ್ಟಿಗೆ ಥರ ಇರತ್ತೆ, ಅದರಲ್ಲಿ ರಿಜಿಸ್ಟರ್ ಪುಸ್ತಕ, ನಕ್ಷೆ, ಬಂದೋರು ಬರೆಯೋ ಪುಸ್ತಕ ಎಲ್ಲಾ ಇಟ್ಟಿರ್ತಾರೆ, ಮೊದ್ಲು ಅದನ್ನ ತೆಗೆದಿದ್ರೆ ಅಷ್ಟು ಹುಡುಕಾಟ ಬೇಕಿರ್ಲಿಲ್ಲ. ಬರ್ಮಾದ ತೌಕ್ಯಾನ್ ಯಾಂಗೋನ್‌ನಿಂದ 35 ಕಿಲೋಮೀಟರ್ ಉತ್ತರಕ್ಕೆ, ಈಗಿನ ಪರಿಸ್ಥಿತೀಲಿ ವಿದೇಶಾಂಗ ಇಲಾಖೆಯ ಸೂಚನೆ ನೋಡದೆ ಟಿಕೆಟ್ ಮಾಡ್ಸಬೇಡಿ, ಹೈಫಾಗೂ ಇದೇ ಮಾತು.

ಫೋಟೋಗೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಒಳ್ಳೇದು, ನಡು ಮಧ್ಯಾಹ್ನ ಅಕ್ಷರ ಕಾಣಲ್ಲ. ಹೂವು ಇಡಬಹುದು. ಅರಿಶಿನ ಕುಂಕುಮ ಕಲ್ಲಿಗೆ ಹಚ್ಚಬೇಡಿ, ಎಣ್ಣೆ ಬೇಡ, ಕಾಯಿ ಒಡೀಬೇಡಿ, ಕಲೆ ಹೋಗಲ್ಲ, ಪಕ್ಕದಲ್ಲಿರೋನು ಬೇರೆ ಯಾರದೋ ಮನೆಯ ಮಗ.

ವಿಡಿಯೋ ಕಾಲಲ್ಲಿ ನಮ್ಮ ಅತ್ತೆನೂ ಇದ್ರು. ಹೆಸರು ಕಂಡಾಗ ಏನೂ ಅನ್ಲಿಲ್ಲ, ತಾರೀಖು ಏನು ಅಂತ ಕೇಳಿದ್ರು. 15 ಫೆಬ್ರವರಿ 1942 ಅಂದೆ. ಅವತ್ತು ಸಿಂಗಾಪುರದಲ್ಲಿ ಚೀನೀಯರ ಹೊಸ ವರ್ಷದ ಮೊದಲನೇ ದಿನ ಆಗಿತ್ತು, ಅಂದ್ರೆ ನಮ್ಮ ಪಂಚಾಂಗದಲ್ಲಿ ಮಾಘ ಮಾಸದ ಅಮಾವಾಸ್ಯೆ. ಇದು ಶರಣಾದ ದಿನ ಅತ್ತೆ, ನಿಜವಾಗ್ಲೂ ಅವತ್ತೇ ಹೋಗಿದ್ದು ಅಂತ ಹೇಳೋಕಾಗಲ್ಲ ಅಂತ ನಾನು ದೊಡ್ಡ ಭಾಷಣ ಶುರು ಮಾಡ್ದೆ. ಅವರು ಅರ್ಧಕ್ಕೇ ತಡೆದು "ಇರ್ಲಿ ಬಿಡೋ, ಮಾರ್ನೋಮೀಲಿ ಹೆಂಗೂ ಎಲೆ ಹಾಕ್ತೀವಿ, ಇದಕ್ಕೂ ಒಂದು ಹಾಕಣ, ಬೀಡಿ ಮಾತ್ರ ಮರೀಬೇಡ" ಅಂದ್ರು.